ಅಜ್ಜನನ್ನು ಸಾಯಿಸಬೇಡಿ

ನಮಸ್ಕಾರ.

ನಿಮ್ಮ ‘ಸೇತುವೆ ಕೆಳಗಿನ ಕೆಮ್ಮು’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ‘ಸ್ಥಳಾಭಾವ’ ಅಂತ ಎರಡು ಸಾಲು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಾಲ್ಕನೇ ಪುಟದಲ್ಲಿ ಒಂದು ಪ್ಯಾರಾ ಇದೆ ನೋಡಿ, ಅದು ಬಿಡಲಿಲ್ಲ.

ಕೆ.ಆರ್. ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು, ರಾತ್ರಿ ಫ್ಲೈಓವರ್ ಕೆಳಗೆ ಮಲಗುವ ಅಜ್ಜ. ಅವನಿಗೆ ಟಿಬಿ. ಮೊದಲ ಎರಡು ಪುಟ ನೀವು ಸಮಾಜಕ್ಕೆ ಬೈಯುತ್ತೀರಿ. ಕೊನೆಗೆ ಅಜ್ಜ ಹುಣ್ಣಿಮೆ ಬೆಳಕಿನಲ್ಲಿ ರಕ್ತ ಕಾರಿ ಸಾಯುತ್ತಾನೆ, ಆ ರಕ್ತ ‘ಗುಲಾಬಿಯಂತೆ ಅರಳುತ್ತದೆ’. ಹಳೇ ಸಿನಿಮಾಗಳಲ್ಲಿ ಒಂದು ಸಲ ಕೆಮ್ಮಿದರೆ ಕರ್ಚೀಫು ಕೆಂಪಾಗುತ್ತಿತ್ತಲ್ಲ, ಅದೇ ಇದು. ಟಿಬಿಗೆ ಔಷಧಿ ಇದೆ. ಸಾಮಾನ್ಯ ಟಿಬಿ ಆರು ತಿಂಗಳು ಬಿಡದೆ ಮಾತ್ರೆ ನುಂಗಿದರೆ ಬಹುತೇಕ ವಾಸಿಯಾಗುತ್ತದೆ. ಸರ್ಕಾರ ಮಾತ್ರೆಯನ್ನು ಪುಕ್ಕಟೆ ಕೊಡುತ್ತದೆ. ಹಾಗಾದರೆ ಅಜ್ಜನಿಗೆ ಆ ಆರು ತಿಂಗಳು ಹೇಗೆ ಕಳೆಯಿತು? ಅದನ್ನು ಬರೆಯುವುದು ತಪ್ಪಲಿ ಅಂತಲೇ ಅವನನ್ನು ಸಾಯಿಸಿದಿರಿ ಅನ್ನುವುದು ನನ್ನ ಗುಮಾನಿ.

ಈಗ ಆ ಪ್ಯಾರಾ. ಅಜ್ಜ ಮಾತ್ರೆ ಸ್ಟ್ರಿಪ್ಪನ್ನು ಬಿಸ್ಕತ್ ಕವರಿನಲ್ಲಿ ಸುತ್ತಿ, ಚಡ್ಡಿ ಜೇಬಿಗೆ ಹಾಕಿ, ಮೇಲೆ ಪಿನ್ನು ಚುಚ್ಚಿಕೊಳ್ಳುತ್ತಾನೆ. ಮಳೆ ಬಂದ ರಾತ್ರಿ ನಿದ್ದೆಗಣ್ಣಿನಲ್ಲೇ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ಇದನ್ನು ನೀವು ಕಣ್ಣಾರೆ ನೋಡಿದ್ದೀರಿ, ಅಲ್ವಾ? ಇಂಥ ಮೂರು ಸಾಲು ಬರೆದು ಮತ್ತೆ ಭಾಷಣಕ್ಕೆ ಇಳಿದುಬಿಟ್ಟಿರಿ.

ಒಂದು ಹಳೇ ಸಂಗತಿ ಹೇಳುತ್ತೇನೆ. 1956ರಲ್ಲಿ ಮದ್ರಾಸಿನಲ್ಲಿ ಒಂದು ಪ್ರಯೋಗ ಶುರುವಾಯಿತು. ಟಿಬಿ ಬಂದ ಬಡವರಲ್ಲಿ ಕೆಲವರನ್ನು ಸ್ಯಾನಿಟೋರಿಯಂಗೆ, ಅಂದರೆ ಟಿಬಿಯವರನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುವ ಆಸ್ಪತ್ರೆಗೆ, ಸೇರಿಸಿದರು. ಉಳಿದವರಿಗೆ ಅವರವರ ಇಕ್ಕಟ್ಟಿನ ಮನೆಯಲ್ಲೇ ಔಷಧಿ ಕೊಟ್ಟರು. ವರ್ಷ ಕಳೆದು ನೋಡಿದರೆ ಗುಣವಾಗುವುದರಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಮನೆಮಂದಿಗೆ ಅಂಟುವುದೂ ಜಾಸ್ತಿಯಾಗಿರಲಿಲ್ಲ. 1959ರಲ್ಲಿ ಇದು ಪ್ರಕಟವಾದ ಮೇಲೆ ಸ್ಯಾನಿಟೋರಿಯಂಗಳ ಕಾಲ ಮುಗಿಯುತ್ತಾ ಬಂತು. ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಅನ್ನುವುದು ರೂಢಿಯಾಯಿತು. ಒಳ್ಳೆಯದೇ ಆಯಿತು ಬಿಡಿ. ಆದರೆ ನಿಮ್ಮ ಅಜ್ಜನಿಗೆ ಮನೆ ಎಲ್ಲಿದೆ?

ಇಲ್ಲಿಂದ ಒಂದೊಂದೇ ಯೋಚಿಸಿ. ಬೆಳಿಗ್ಗೆ ಎದ್ದ ತಕ್ಷಣ ಬಾಯಿ ಮುಕ್ಕಳಿಸಿ, ಆಳದಿಂದ ಕೆಮ್ಮಿ, ಪರೀಕ್ಷೆಗೆ ಕೊಟ್ಟ ಡಬ್ಬಿಗೆ ಕಫ ತರಬೇಕು. ಅವನು ಮುಕ್ಕಳಿಸುವುದು ಎಲ್ಲಿ? ಪಾವತಿ ಶೌಚಾಲಯದ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ? ಚೀಟಿಯಲ್ಲಿ ವಿಳಾಸ ಕೇಳಿದರೆ ಏನಂತ ಬರೆಸುತ್ತಾನೆ, ಇಷ್ಟನೇ ಕಂಬ ಅಂತಲಾ? ಟಿಬಿ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರದವರು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರಿನಿಂದ 1,000 ಆಗಿದೆ. ಅದು ಬರುವುದು ಬ್ಯಾಂಕ್ ಖಾತೆಗೆ. ಅಜ್ಜನ ಆಧಾರ್ ಕಾರ್ಡನ್ನು ಚೀಲದ ಸಮೇತ ಯಾರೋ ಹೊತ್ತುಕೊಂಡು ಹೋದರು ಅಂತ ನೀವೇ ಬರೆದಿದ್ದೀರಿ. ಬರೆದು, ಮರೆತಿದ್ದೀರಿ.

ಇನ್ನೊಂದು. ಟಿಬಿ ಔಷಧಿಗಳಲ್ಲೊಂದಾದ ರಿಫಾಂಪಿಸಿನ್ ನುಂಗಿದರೆ ಮೂತ್ರ ಕೆಂಪುಕೆಂಪಾಗಿ, ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಅಪಾಯವೇನಿಲ್ಲ. ಮೊದಲೇ ಯಾರೂ ಹೇಳದಿದ್ದರೆ ಮನುಷ್ಯ ಗಾಬರಿಯಾಗಿ ಮಾತ್ರೆ ಎಸೆಯುತ್ತಾನೆ. ಗುಲಾಬಿ ಬಿಟ್ಟು ಈ ಬಣ್ಣ ಬರೆಯಿರಿ. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಂತು ಮೈಗೆ ಕಸುವು ಬಂದಿರುತ್ತದೆ. ಆಗ ಅವನಿಗೆ ಆಸ್ಪತ್ರೆ ಮುಖ್ಯವೋ, ಬೆಳಗಿನ ಲೋಡು ಮುಖ್ಯವೋ? ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು, ಮಾತ್ರೆಗೂ ಬಗ್ಗದಂತಾಗಬಹುದು. ಯಾರೋ ದೊಡ್ಡವರು ಬರುತ್ತಾರೆಂದು ಫ್ಲೈಓವರ್ ಕೆಳಗಿನವರನ್ನೆಲ್ಲ ಎಬ್ಬಿಸಿ ಓಡಿಸಿದ ದಿನವೇ ಆರೋಗ್ಯ ಕಾರ್ಯಕರ್ತೆ ಹುಡುಕಿಕೊಂಡು ಬಂದರೆ?

ತಪ್ಪುಗಳೂ ಇವೆ. ‘ಅಜ್ಞಾನದಿಂದ ಇವರು ಆಸ್ಪತ್ರೆಗೆ ಬರುವುದಿಲ್ಲ’ ಅಂದಿದ್ದೀರಿ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಬರೆದದ್ದೇ ಬೇರೆ. ಟಿಬಿ ಇದ್ದವರಲ್ಲಿ ಅರ್ಧದಷ್ಟು ಜನ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರ ಕೈಗೆ ಸಿಕ್ಕಿದ್ದು ಹೆಚ್ಚಾಗಿ ಕೆಮ್ಮಿನ ಔಷಧಿ. ಅಜ್ಜನೂ ಮೊದಲು ಹೋಗಿ, ಸಿರಪ್ ಬಾಟ್ಲಿ ಹಿಡಿದು ವಾಪಸ್ ಬಂದಿರಬಹುದಲ್ಲ. ಅವನ ಲೋಟ ಮುಟ್ಟಿದ ಹುಡುಗನಿಗೆ ಟಿಬಿ ಬರಿಸಿದ್ದೀರಿ. ಅದು ಲೋಟದಿಂದ ಬರುವುದಿಲ್ಲ, ಗಾಳಿಯಿಂದ ಬರುತ್ತದೆ. ಗಾಳಿಯಾಡುವ ಸೇತುವೆ ಕೆಳಗಿನ ಜಾಗಕ್ಕಿಂತ, ಚಳಿಗೆ ಕಿಟಕಿ ಮುಚ್ಚಿ ಐವತ್ತು ಜನ ಮಲಗುವ ರಾತ್ರಿ ತಂಗುದಾಣದಲ್ಲೇ ಹರಡುವುದು ಸಲೀಸು. ‘ಮುಂದುವರಿದ ದೇಶಗಳಲ್ಲಿ ಇದೆಲ್ಲ ಇಲ್ಲ’ ಅನ್ನುವುದನ್ನೂ ತೆಗೆಯಿರಿ. ಲಂಡನ್ನಿನಲ್ಲಿ ಟಿಬಿ ಪತ್ತೆಗೆ ಎಕ್ಸ್-ರೇ ವ್ಯಾನು ತೆಗೆದುಕೊಂಡು ಮನೆಯಿಲ್ಲದವರ ಹಾಸ್ಟೆಲ್ ಬಾಗಿಲಿಗೇ ಹೋಗುತ್ತಾರೆ.

ಟೀ ಅಂಗಡಿಯ ಅಕ್ಕ ಒಂದೇ ಸಾಲಿಗೆ ಬಂದು ಹೋಗುತ್ತಾಳೆ. ಅವಳನ್ನು ಕಳಿಸಬೇಡಿ. ಮಾತ್ರೆ ನುಂಗಿಸಿ ಗುರುತು ಹಾಕಿಕೊಳ್ಳಲು ಡಾಕ್ಟರೇ ಬೇಕಾಗಿಲ್ಲ, ನಂಬಿಕಸ್ಥರಾದ ಅಕ್ಕಪಕ್ಕದವರಾದರೂ ಆಗುತ್ತದೆ. ಸ್ಟ್ರಿಪ್ಪು ಅವಳ ಸಕ್ಕರೆ ಡಬ್ಬದ ಪಕ್ಕ ಇರಲಿ. ದಿನಾ ಬೆಳಿಗ್ಗೆ ಅವನು ಟೀಗೆ ಬರಲಿ. ಒಂದು ದಿನ ಬರದೇ ಹೋಗಲಿ. ಆಗ ಅವಳು ಏನು ಮಾಡುತ್ತಾಳೆ ಅಂತ ನನಗೂ ಕುತೂಹಲ.

ಬಿಸ್ಕತ್ ಕವರಿನಿಂದ ಶುರು ಮಾಡಿ, ಎಂಟು ಪುಟ ಮೀರದಂತೆ ಬರೆದು, ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿ. ಈ ಸಲ ಯೂನಿಕೋಡಿನಲ್ಲಿ ಟೈಪ್ ಮಾಡಿ. ಹೋದ ಸಲ ಒತ್ತಕ್ಷರಗಳೆಲ್ಲ ಚೌಕ ಚೌಕವಾಗಿ ಬಂದು, ‘ಅಜ್ಜ’ ಎಲ್ಲೆಲ್ಲಿದ್ದಾನೆ ಅಂತ ಊಹಿಸಿಕೊಂಡೇ ಓದಿದೆ.

— ಸಂಪಾದಕ