ಕಾಲಿಗೆ ಇಂಗ್ಲಿಷ್‌ನಾಗ ‘ಲೆಗ್’ ಅನ್ನಬೇಕೋ ‘ಫುಟ್’ ಅನ್ನಬೇಕೋ?

ನಾವು ಸೊಂಟದ ಕೆಳಗಿನದ್ದಕ್ಕೆಲ್ಲ ‘ಕಾಲು’ ಅಂತೀವಿ, ಗೊಂದಲ ಅಲ್ಲೇ ಹುಟ್ಟೋದು. ಇಂಗ್ಲಿಷ್‌ನಲ್ಲಿ ತೊಡೆಯಿಂದ ಹರಡಿನವರೆಗೆ ಲೆಗ್, ಹರಡಿನ ಕೆಳಗೆ ಫುಟ್. ಹಿಮ್ಮಡಿ ನೋವಿಗೆ ಡಾಕ್ಟರ್ ಮುಂದೆ ‘ಮೈ ಲೆಗ್ ಹರ್ಟ್ಸ್’ ಅಂದರೆ ಅವರು ಮೊದಲು ಮೊಣಕಾಲು, ಮೀನಖಂಡ ನೋಡ್ತಾರೆ. ‘ಮೈ ಫುಟ್ ಹರ್ಟ್ಸ್’ ಅನ್ನಿ. ಆದರೆ ಬರೀ ‘ಮೈ ಫುಟ್!’ ಅಂದು ನಿಲ್ಲಿಸಬೇಡಿ, ಅದು ‘ಸುಳ್ಳು, ನಾ ನಂಬಲ್ಲ’ ಅಂತ ಹಂಗಿಸೋ ಮಾತು.

ಫುಟ್‌ಗೆ ಬಹುವಚನ ಫೀಟ್, ‘ಫುಟ್ಸ್’ ತಪ್ಪು. ಅಳತೆಯಲ್ಲೂ ಇದೇ ಪದ, 12 ಇಂಚು. ಗೋಡೆ ‘ಸಿಕ್ಸ್ ಫೀಟ್ ಹೈ’, ಆದರೆ ನಾಮಪದದ ಮುಂದೆ ಬಂದಾಗ ಏಕವಚನ: ‘ಎ ಸಿಕ್ಸ್-ಫುಟ್ ವಾಲ್’. ಹೆಚ್ಚಿನವರು ಎಡವೋದು ಇಲ್ಲೇ.

ಸವದತ್ತಿಗೆ ಬಸ್ಸಲ್ಲಿ ಹೋದರೆ ‘ಬೈ ಬಸ್’, ನಡೆದು ಹೋದರೆ ‘ಆನ್ ಫುಟ್’. ಎಲ್ಲಮ್ಮನ ಗುಡ್ಡದ ಬುಡ ‘ಫುಟ್ ಆಫ್ ದ ಹಿಲ್’. ಮಂಚದ ಕಾಲು ಮಾತ್ರ ಲೆಗ್. ‘ಫುಟ್ ಆಫ್ ದ ಬೆಡ್’ ಅಂದರೆ ಮಲಗಿದಾಗ ಕಾಲು ಬರೋ ಕಡೆ. ದನದ ಕಾಲುಬಾಯಿ ಬೇನೆಗೂ ‘ಫುಟ್ ಆ್ಯಂಡ್ ಮೌತ್’ ಅಂತಾರೆ, ಗೊರಸಿನ ಹತ್ತಿರ ಹುಣ್ಣಾಗೋದರಿಂದ.

‘ಪುಲ್ಲಿಂಗ್ ಮೈ ಲೆಗ್’ ಅಂದರೆ ಬರೀ ಚೇಷ್ಟೆ. ನಮ್ಮ ‘ಕಾಲೆಳೆಯೋದು’ ಕೆಲವೊಮ್ಮೆ ಏಳಿಗೆಗೆ ಅಡ್ಡ ಬರೋದೂ ಆಗುತ್ತೆ. ಆ ಅರ್ಥ ಇಂಗ್ಲಿಷ್‌ನ ಮಾತಿಗಿಲ್ಲ.