‘ಕೆರೆಯ ನೀರನು’ ಹಾಡುವ ಮಗಳಿಗೆ ಮನೆಯಲ್ಲಿ ಏನು ಹೇಳಿಕೊಡಲಿ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು. ಮನೆಮಾತು ಕನ್ನಡ. ಒಂಬತ್ತು ವರ್ಷದ ಮಗಳು ಕರ್ನಾಟಕ ಸಂಗೀತದ ಕ್ಲಾಸಿಗೆ ಹೋಗುತ್ತಾಳೆ. ಟೀಚರ್ ಮಲಯಾಳಿ, ತುಂಬ ಚೆನ್ನಾಗಿ ಕಲಿಸುತ್ತಾರೆ. ಎಂಟು ತಿಂಗಳು ಒಂದೇ ರಾಗದಲ್ಲಿ ಸರಳೆ, ಜಂಟಿ ಅಂತ ಬರೀ ಸ್ವರಪಾಠ ನಡೆಯಿತು. ಈಗ ಗೀತೆ, ಅಂದರೆ ‘ಕೆರೆಯ ನೀರನು’ ಥರದ ಪುಟ್ಟ ಹಾಡು, ಶುರುವಾಗಿದೆ. ಇದನ್ನೆಲ್ಲ ಮಾಡಿದ್ದು ಪುರಂದರದಾಸರೇ ಅಂತಾರೆ, ನಿಜವಾ? ಅದೇ ರಾಗ ಯಾಕೆ? ಸಂಗೀತ ಬಾರದ ನಾನು ಏನು ಸಹಾಯ ಮಾಡಬಹುದು?

ಉತ್ತರ: ಸ್ವರ ಟೀಚರ್ ಹೇಳಿಕೊಡಲಿ. ಮಾತು ನೀವು ಹೇಳಿಕೊಡಿ.

‘ಕೆರೆಯ ನೀರನು ಕೆರೆಗೆ ಚೆಲ್ಲಿ ವರವ ಪಡೆದವರಂತೆ ಕಾಣಿರೊ.’ ಈ ಸಾಲು ಹಾಡುತ್ತಿದ್ದ ಹುಡುಗನೊಬ್ಬನನ್ನು ಒಮ್ಮೆ ಕೇಳಿದೆ, ‘ಚೆಲ್ಲಿ’ ಅಂದರೇನು? ‘ಹೋಗಿ’ ಅಂದ. ಅವನ ತಪ್ಪೇನಿಲ್ಲ. ಮಲಯಾಳದಲ್ಲಿ ‘ಚೆಲ್ಲುಕ’ ಅಂದರೆ ಹೋಗಿ ಸೇರುವುದು. ಅವನು ಇಷ್ಟು ದಿನ ಕೆರೆಗೆ ಹೋಗುತ್ತಿದ್ದ, ನೀರು ಚೆಲ್ಲುತ್ತಿರಲಿಲ್ಲ!

ನಿಮ್ಮ ಮಗಳನ್ನು ಕುಂಬಳೆ ಹತ್ತಿರದ ಅನಂತಪುರಕ್ಕೆ ಕರೆದುಕೊಂಡು ಹೋಗಿ. ಕೆರೆಯ ನಡುವೆಯೇ ದೇವಸ್ಥಾನ. ಅಲ್ಲಿ ನಿಂತು ಹೇಳಿ: ಬೊಗಸೆಯಲ್ಲಿ ನೀರೆತ್ತಿ ಅರ್ಘ್ಯ ಬಿಟ್ಟರೆ ಆ ನೀರು ಬೀಳುವುದು ಅದೇ ಕೆರೆಗೆ. ಕೊಟ್ಟಿದ್ದು ನಮ್ಮದಲ್ಲ, ಆದರೂ ವರ ಸಿಗುತ್ತದೆ. ಹಾಗೆಯೇ ಹರಿಯ ಕರುಣೆಯಿಂದ ಬಂದ ಭಾಗ್ಯವನ್ನು ಹರಿಗೇ ಒಪ್ಪಿಸಿ ಬದುಕಿ ಅಂತಾರೆ ದಾಸರು. ಒಂಬತ್ತು ವರ್ಷದ ಮಗುವಿಗೆ ಇದು ಖಂಡಿತ ಅರ್ಥವಾಗುತ್ತದೆ.

ಆ ಮಾತು ಹೇಳಿದವರು ಬದುಕಿ ತೋರಿಸಿದವರು. ಶ್ರೀನಿವಾಸ ನಾಯಕ ಎಂಬ ಸಿರಿವಂತ ವ್ಯಾಪಾರಿ, ಹೆಂಡತಿಯ ಮೂಗುತಿಯ ಪ್ರಸಂಗದಿಂದ ಕಣ್ತೆರೆದು ಎಲ್ಲವನ್ನೂ ಬಿಟ್ಟು ಹೊರಟ ಕಥೆ ನಿಮಗೆ ಗೊತ್ತೇ ಇರುತ್ತದೆ. ವ್ಯಾಸರಾಯರ ಶಿಷ್ಯರಾಗಿ ಹಂಪಿಯಲ್ಲಿ ನೆಲೆಸಿದರು. 1484ರಿಂದ 1564 ಅವರ ಕಾಲ ಅಂತ ರೂಢಿಯ ಲೆಕ್ಕ.

ಸರಳೆ, ಜಂಟಿ, ಅಲಂಕಾರಗಳ ಪಾಠಕ್ರಮ ಅವರದು ಎಂಬುದು ಗುರುಗಳಿಂದ ಶಿಷ್ಯರಿಗೆ ನಡೆದುಬಂದ ಮಾತು. ಅವರ ಕೈಬರಹದ ಪುಸ್ತಕ ಇಟ್ಟುಕೊಂಡು ಹೇಳುವುದಲ್ಲ. ಆದರೆ ‘ಕೆರೆಯ ನೀರನು’ ಗೀತೆಯ ಕೊನೆಗೆ ‘ಪುರಂದರ ವಿಠಲರಾಯ’ ಎಂಬ ಅಂಕಿತವೇ ಇದೆ. ‘ಲಂಬೋದರ ಲಕುಮಿಕರ’ ಎಂಬ ಇನ್ನೊಂದು ಗೀತೆಯಲ್ಲಿ ಅಂಕಿತ ಇಲ್ಲ, ಅದನ್ನು ಪರಂಪರೆಯ ಮೇಲೆ ನಂಬುತ್ತೇವೆ. ದಾಸರು ತೀರಿಕೊಂಡು ಇನ್ನೂರು ವರ್ಷದ ಮೇಲೆ, 1767ರಲ್ಲಿ ಹುಟ್ಟಿದ ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿ ವಿಜಯ’ ಎಂಬ ಗೇಯನಾಟಕದಲ್ಲಿ ಅವರಿಗೆ ಕೈಮುಗಿದಿದ್ದಾರೆ. ತೆಲುಗಿನಲ್ಲಿ ಹಾಡು ಕಟ್ಟಿದ, ತಮಿಳುನಾಡಿನ ವಾಗ್ಗೇಯಕಾರರು ಕನ್ನಡದ ದಾಸರಿಗೆ ನಮಸ್ಕರಿಸುವುದು ಅಂದರೆ ಸಣ್ಣ ಮಾತಲ್ಲ, ಅಲ್ವಾ?

ಇನ್ನು ರಾಗ. ಅದರ ಹೆಸರು ಮಾಯಾಮಾಳವಗೌಳ. ಮನೆಯಲ್ಲಿ ಕೀಬೋರ್ಡ್ ಇದ್ದರೆ ನೋಡಿ. ಕಪ್ಪು ಬಿಳಿ ಎಲ್ಲವನ್ನೂ ಎಣಿಸಿದರೆ ಸ ಪಕ್ಕದಲ್ಲೇ ರಿ. ರಿಯಿಂದ ಮೂರನೆಯ ಮನೆ ಗ. ಗ ಪಕ್ಕದಲ್ಲೇ ಮ. ‘ಪ’ದಿಂದ ಮೇಲಿನ ‘ಸ’ವರೆಗೂ ಇದೇ ನಡಿಗೆ: ಒಂದು, ಮೂರು, ಒಂದು. ಕೆಳಗಿನ ಅರ್ಧ ಗಂಟಲಿಗೆ ಕೂತರೆ ಮೇಲಿನ ಅರ್ಧ ಸುಲಭ. ಅಂಟಿಕೊಂಡ ಸ್ವರ ಯಾವುದು, ದೂರದ್ದು ಯಾವುದು ಅಂತ ಕಿವಿಗೂ ಬೇಗ ಗೊತ್ತಾಗುತ್ತದೆ. ಎಂಟು ತಿಂಗಳು ಜಾಸ್ತಿ ಅನಿಸಿದರೂ ಅವಸರ ಮಾಡಬೇಡಿ. ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ, ಶ್ರುತಿ ಬಿಡದೆ ಹಾಡುವ ಮಗುವಿಗೆ ಮುಂದಿನ ದಾರಿ ಹಗುರ.

ಈ ಗೀತೆಗಳ ರಾಗ ಮಲಹರಿ, ಮಾಯಾಮಾಳವಗೌಳದಿಂದಲೇ ಹುಟ್ಟಿದ ಮಗು. ನಿ ಇಲ್ಲವೇ ಇಲ್ಲ, ಗ ಇಳಿಯುವಾಗ ಮಾತ್ರ. ದಾಸರ ಬಹುಪಾಲು ದೇವರನಾಮಗಳಿಗೆ ಮೂಲ ಮಟ್ಟು ಕಳೆದುಹೋಗಿದೆ, ಇವತ್ತು ಕೇಳುವುದು ನಂತರದವರು ಕೂಡಿಸಿದ್ದು. ಈ ಪುಟ್ಟ ಗೀತೆಗಳು ಮಾತ್ರ ಪಾಠದ ಜೊತೆ ಸ್ವರಸಮೇತ ಬಾಯಿಂದ ಬಾಯಿಗೆ ಬಂದಿವೆ. ನನಗೆ ಇವುಗಳ ಮೇಲೆ ಅಷ್ಟು ಪ್ರೀತಿ ಅದಕ್ಕೇ.

ಮಗಳು ಸಾಹಿತ್ಯವನ್ನು ಮಲಯಾಳ ಅಕ್ಷರದಲ್ಲಿ ಬರೆದುಕೊಂಡಿದ್ದರೆ ಎದುರು ಪುಟದಲ್ಲಿ ಕನ್ನಡದಲ್ಲೂ ಬರೆಸಿ. ‘ಲಕುಮಿ’ ಅಂದರೆ ಲಕ್ಷ್ಮಿ ಅಂತ ಹೇಳಿ. ಆ ಪುಟವನ್ನು ಟೀಚರಿಗೂ ತೋರಿಸಿ. ಅರ್ಥ ತಿಳಿದರೆ ಅವರಿಗೂ ಖುಷಿಯಾಗುತ್ತದೆ, ಕ್ಲಾಸಿನ ಉಳಿದ ಮಕ್ಕಳಿಗೂ ಹೇಳುತ್ತಾರೆ.