ವಿಡಿಯೊ ಆ್ಯಪ್ ಕಟ್ಟಲು ಫ್ಲಟರ್ ಸಾಕೇ, ಆಂಡ್ರಾಯ್ಡ್‌ಗೂ ಐಫೋನ್‌ಗೂ ಬೇರೆ ಬೇರೆ ಬರೆಯಬೇಕೇ?

ಸಾಕು. ಸಿನಿಮಾ, ಧಾರಾವಾಹಿ, ಕಿರು ವಿಡಿಯೊ ತೋರಿಸುವ ಆ್ಯಪ್ ಆದರೆ, ಒಂದೇ ಕೋಡ್‌ನಿಂದ ಎರಡೂ ಬಗೆಯ ಫೋನ್‌ಗಳಲ್ಲಿ ಓಡುವ ಆ್ಯಪ್ ಕಟ್ಟಿಕೊಡುವ ಸಾಧನವಾದ ಫ್ಲಟರ್ ಧಾರಾಳವಾಗಿ ಸಾಕು.

ವಿಡಿಯೊ ಓಡಿಸುವ ನಿಜವಾದ ಭಾರ ನೀವು ಬರೆದ ಕೋಡ್‌ನ ಮೇಲೆ ಬೀಳುವುದೇ ಇಲ್ಲ. ಪ್ಲೇ ಗುಂಡಿ ಒತ್ತಿದೊಡನೆ ಫ್ಲಟರ್‌ನ ವಿಡಿಯೊ ಪ್ಲಗಿನ್, ಅಂದರೆ ಆ್ಯಪ್‌ಗೆ ಜೋಡಿಸಿಕೊಳ್ಳುವ ಸಿದ್ಧ ಕೋಡ್, ಆ ಕೆಲಸವನ್ನು ಆಂಡ್ರಾಯ್ಡ್‌ನಲ್ಲಿ ಎಕ್ಸೊಪ್ಲೇಯರ್, ಐಫೋನ್‌ನಲ್ಲಿ ಎವಿಪ್ಲೇಯರ್ ಎಂಬ ಸಿದ್ಧ ಪ್ಲೇಯರ್‌ಗಳಿಗೆ ಒಪ್ಪಿಸಿಬಿಡುತ್ತದೆ. ಅವು ಸಾಮಾನ್ಯವಾಗಿ ಚಿಪ್‌ನೊಳಗಿನ ಡಿಕೋಡರ್ ಅನ್ನು, ಅಂದರೆ ಕುಗ್ಗಿಸಿಟ್ಟ ವಿಡಿಯೊವನ್ನು ಬಿಡಿಸಿ ಚಿತ್ರವಾಗಿಸುವ ಭಾಗವನ್ನು, ಬಳಸುತ್ತವೆ. ವಿಡಿಯೊವನ್ನು ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿಟ್ಟಿದ್ದರೆ, ನೆಟ್‌ವರ್ಕ್ ಕುಂದಿದಾಗ 1080ರಿಂದ 480ಕ್ಕೆ ಇಳಿಸುವುದೂ ಈ ಪ್ಲೇಯರ್‌ಗಳೇ. ಫ್ಲಟರ್ ಪಾಲಿಗೆ ಉಳಿಯುವುದು ಪಟ್ಟಿ, ಪೋಸ್ಟರ್, ಹುಡುಕಾಟ.

ಎಡವುವುದು ಅಲ್ಲೇ. 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ ಪರದೆಯಲ್ಲಿ ಒಂದೊಂದು ಸಲ ಚಿತ್ರ ಮೂಡಿಸಲು ಸಿಗುವುದು ಸುಮಾರು 16 ಮಿಲಿಸೆಕೆಂಡ್. 120 ಹರ್ಟ್ಸ್‌ನಲ್ಲಿ 8. ಬೆರಳಗಲದ ಪೋಸ್ಟರ್‌ಗೆ ಮೂಲ ಗಾತ್ರದ ಚಿತ್ರವನ್ನೇ ತುಂಬಿದರೆ ಆ ಅವಧಿ ಮೀರಿ, ಪಟ್ಟಿ ಸರಿಸುವಾಗ ಪರದೆ ತಡವರಿಸುತ್ತದೆ. ಒಂದರ ಹಿಂದೊಂದು ಕಿರು ವಿಡಿಯೊ ಸರಿಸಿ ನೋಡುವ ಅಭ್ಯಾಸ ಬೆಳೆಯುತ್ತಿರುವಾಗ ಇದನ್ನು ಪ್ರೇಕ್ಷಕರು ಸಹಿಸುವುದಿಲ್ಲ. ದಯವಿಟ್ಟು ಅಗ್ಗದ ಫೋನ್‌ನಲ್ಲೂ ಪರೀಕ್ಷಿಸಿ.

ಮೂರು ಆಯಾಮದ ಆಟಗಳಿಗಾದರೆ ಯೂನಿಟಿಯಂಥ ಗೇಮ್ ಎಂಜಿನ್ ಹಿಡಿಯಿರಿ. ಹಕ್ಕು ಕಾಯ್ದಿರಿಸಿದ ಸಿನಿಮಾಗಳಿದ್ದರೆ ನಕಲು ತಡೆಗೆ ಆಂಡ್ರಾಯ್ಡ್‌ನಲ್ಲಿ ವೈಡ್‌ವೈನ್, ಐಫೋನ್‌ನಲ್ಲಿ ಫೇರ್‌ಪ್ಲೇ ಬೇಕು. ಅಷ್ಟು ಭಾಗವನ್ನು ಎರಡೂ ಕಡೆ ಬೇರೆಯಾಗಿ ಜೋಡಿಸಬೇಕಾಗಬಹುದು.